ಥರ್ಮಾಕೋಲ್ ಮತ್ತು ಬ್ರೌನ್ ಪೇಪರಿನ ಮಾರುತ್: ನನ್ನ ಅನುಭವ

ಥರ್ಮಾಕೋಲಿಗೆ ಶಾಲಾ ಪುಸ್ತಕಗಳಿಗೆ ಹಾಕುವ ಬ್ರೌನ್ ಪೇಪರನ್ನು ಫೆವಿಕಾಲ್‌ನಲ್ಲಿ ಅಂಟಿಸಿ ರಿಮೋಟ್‌ನಿಂದ ಹಾರಿಸುವ ಮಾದರಿ ಇಡಿಎಫ್ ಜೆಟ್ (ಕೊಳವೆಯೊಳಗಿನ ವಿದ್ಯುತ್ ಫ್ಯಾನಿನಿಂದ ಹಾರುವ ವಿಮಾನ) ಕಟ್ಟುತ್ತೇನೆ ಎಂದಾಗ ನಮ್ಮ ಹಾರಾಟದ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಅಂಟಿನ ತೂಕಕ್ಕೇ ವಿಮಾನ ಒಂದು ಕಿಲೋ ದಾಟುತ್ತದೆ, ಮಳೆಗಾಲ ಬಂದರೆ ರೆಕ್ಕೆ ನೆನೆದ ಹಪ್ಪಳವಾಗುತ್ತದೆ, ಡೆಪ್ರಾನ್ ಎಂಬ ಗಟ್ಟಿ ಫೋಮ್ ಹಾಳೆ ತರಿಸಲು ಆಗದಿದ್ದರೆ ಪ್ರೊಪೆಲ್ಲರ್ ವಿಮಾನವನ್ನೇ ಕಟ್ಟಿ ಎಂಬುದು ಹಿರಿಯರ ಸಲಹೆಯಾಗಿತ್ತು. ಆ ವಿಮಾನ ಈಗ ಬ್ಯಾಟರಿ ಸಹಿತ ಸುಮಾರು 820 ಗ್ರಾಂ ತೂಗುತ್ತದೆ, ಒಂದು ಪೂರ್ತಿ ಮಳೆಗಾಲವನ್ನು ಕಂಡಿದೆ, ಸಲಹೆ ಕೊಟ್ಟವರಲ್ಲೇ ಇಬ್ಬರು ನನ್ನಿಂದ ರೆಕ್ಕೆಯ ಅಚ್ಚುಗಳನ್ನು ಒಯ್ದಿದ್ದಾರೆ.

ಆರಿಸಿಕೊಂಡದ್ದು ಎಚ್‌ಎಎಲ್‌ನ ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡು 1961ರ ಜೂನ್‌ನಲ್ಲಿ ಮೊದಲ ಬಾರಿ ಹಾರಿದ ಈ ಯುದ್ಧವಿಮಾನದ ಸಿದ್ಧ ಕಿಟ್ ನನಗೆ ಎಲ್ಲಿಯೂ ಸಿಗಲಿಲ್ಲ. ಮೂರು ನೋಟದ ನಕ್ಷೆಯನ್ನು ಹಿಗ್ಗಿಸಿ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಮಾರುತ್‌ನ ಹೊಟ್ಟೆ, ಗಾಳಿಬಾಯಿ (ಎಂಜಿನ್‌ಗೆ ಗಾಳಿ ಒಳಹೋಗುವ ಬಾಯಿ) ಮತ್ತು ಬಾಲದ ಬುಡವನ್ನು ಎಲ್ಲ ಕೋನಗಳಿಂದಲೂ ಚಿತ್ರ ತೆಗೆದು ಅಳತೆಗಳನ್ನು ತಾಳೆ ನೋಡಿದೆ. ಮೂಲ ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. ಅದನ್ನು ಹದಿಮೂರರಲ್ಲಿ ಒಂದು ಪಾಲು ಮಾಡಿದಾಗ ಉದ್ದ ಸುಮಾರು 1.22 ಮೀಟರ್ ಮತ್ತು ಹರವು 69 ಸೆಂಟಿಮೀಟರ್ ಆಗುತ್ತದೆ. ರೆಕ್ಕೆಯ ವಿಸ್ತೀರ್ಣ ಹದಿನಾರೂವರೆ ಚದರ ಡೆಸಿಮೀಟರ್ ಮಾತ್ರ ಸಿಗುವುದರಿಂದ ತೂಕ 850 ಗ್ರಾಂ ದಾಟಬಾರದು ಎಂದು ಮೊದಲೇ ಗೆರೆ ಎಳೆದುಕೊಂಡಿದ್ದೆ.

ಟ್ಯಾಂಕ್ ಅವರ ತಂಡ ಎಂಜಿನ್ ಕೂರಿಸುವ ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ 1959ರಲ್ಲಿ ಹಾರಿಸಿತ್ತು. ಆ ಕ್ರಮವನ್ನೇ ನಾನೂ ಅನುಸರಿಸಿದೆ. ಪ್ಯಾಕಿಂಗ್ ಪೆಟ್ಟಿಗೆಯ ಥರ್ಮಾಕೋಲಿನಿಂದ ಅದೇ ಅಳತೆಯ ಎಂಜಿನ್‌ರಹಿತ ಗ್ಲೈಡರ್ ಮಾಡಿ, ಮೂಗಿನಲ್ಲಿ ಸೀಸದ ತುಂಡುಗಳನ್ನು ಹಿಂದೆ ಮುಂದೆ ಸರಿಸುತ್ತ, ಕೆರೆ ಏರಿಯ ಮೇಲಿಂದ ಅದು ಚೂರಾಗುವ ತನಕ ಎಸೆದೆ. ಸಿ.ಜಿ. (ತೂಕದ ಸಮತೋಲನ ಬಿಂದು) ರೆಕ್ಕೆಯ ಸರಾಸರಿ ಕಾರ್ಡ್‌ನ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲದ, ಶೇಕಡಾ 22ರ ಆಸುಪಾಸಿನಲ್ಲಿ ಇರಬೇಕೆಂದು ಅಲ್ಲಿಯೇ ತಿಳಿಯಿತು. ಸಿ.ಜಿ. ಲೆಕ್ಕದ ಕ್ಯಾಲ್ಕ್ಯುಲೇಟರ್ ಹೇಳಿದ್ದು ಇದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಹಿಂದೆ ಇತ್ತು. ಅದನ್ನು ನಂಬಿದ್ದರೆ ಮೂರೂವರೆ ಸಾವಿರದ ಫ್ಯಾನ್ ಮೊದಲ ದಿನವೇ ಮಣ್ಣುಪಾಲಾಗುತ್ತಿತ್ತು.

ಕಾಗದದ ಕೆಲಸದಲ್ಲಿ ಹೆಚ್ಚು ಕಾಡಿದ್ದು ತೂಕವಲ್ಲ, ತಿರುಚು. ಒದ್ದೆಯಾದ ಬ್ರೌನ್ ಪೇಪರ್ ಹಿಗ್ಗಿ ಒಣಗುವಾಗ ಮತ್ತೆ ಬಿಗಿಯುತ್ತದೆ, ಮೇಲ್ಮೈಗೆ ಇಂದು, ಕೆಳಮೈಗೆ ನಾಳೆ ಎಂದು ಅಂಟಿಸಿದರೆ ತೆಳುವಾದ ರೆಕ್ಕೆ ಬಿಲ್ಲಿನ ಆಕಾರಕ್ಕೆ ಬಂದು ನಿಲ್ಲುತ್ತದೆ. ಹೀಗೆ ಹಾಳಾದ ರೆಕ್ಕೆಗಳನ್ನು ಲೆಕ್ಕ ಇಟ್ಟಿಲ್ಲ. ಕೊನೆಗೆ ಕೈಹಿಡಿದ ಕ್ರಮವೆಂದರೆ, ಎರಡೂ ಮೈಗಳಿಗೆ ಒಂದೇ ಕೂತಿನಲ್ಲಿ ಕಾಗದ ಅಂಟಿಸಿ, ಹಾಟ್ ವೈರ್‌ನಲ್ಲಿ (ಬಿಸಿ ತಂತಿಯಲ್ಲಿ) ಕೊಯ್ದಾಗ ಉಳಿದ ಮೇಲಿನ ಮತ್ತು ಕೆಳಗಿನ ಥರ್ಮಾಕೋಲ್ ತುಂಡುಗಳ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ರೆಕ್ಕೆಯನ್ನು ಮರಳಿ ಕೂರಿಸುವುದು, ಅಡುಗೆಮನೆಯ ಕಡಪ ಕಲ್ಲಿನ ಮೇಲಿಟ್ಟು ಹತ್ತು ಕಿಲೋ ಅಕ್ಕಿ ಚೀಲವನ್ನು ಹೇರುವುದು, ಎರಡು ದಿನ ಅದರ ತಂಟೆಗೆ ಹೋಗದಿರುವುದು. ಫೆವಿಕಾಲ್‌ಗೆ ನೀರು ಎಷ್ಟು ಬೆರೆಸಬೇಕೆಂಬುದನ್ನು ಅವರವರೇ ಕಂಡುಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾಗದದ ದಪ್ಪ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಕಾಗದದ ಎಳೆ ಯಾವ ದಿಕ್ಕಿಗೆ ಬರಬೇಕೆಂಬ ವಿಷಯದಲ್ಲಿ ನನ್ನದೊಂದು ಗುಟ್ಟಿದೆ, ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ. 4 ಮಿ.ಮೀ. ಕಾರ್ಬನ್ ಕೊಳವೆಯೂ ಸೇರಿ ಮುಗಿದ ರೆಕ್ಕೆ ಎಪ್ಪತ್ತೈದು ಗ್ರಾಂ ಒಳಗೇ ಇತ್ತು.

ಇದರ ನಡುವೆ ಕಾಗದದ ಬದಲು ಹಳೆಯ ರೇಷ್ಮೆ ಸೀರೆಯ ತುಂಡನ್ನೂ ಹಾಕಿ ನೋಡಿದೆ. ಗಟ್ಟಿತನದಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅಂಟನ್ನು ವಿಪರೀತ ಕುಡಿಯುತ್ತದೆ, ಮನೆಯಲ್ಲಿ ಉಂಟಾದ ಅಸಮಾಧಾನದ ವೆಚ್ಚವೂ ಅದಕ್ಕೆ ಸೇರುತ್ತದೆ. ಟ್ರೇಸಿಂಗ್ ಪೇಪರ್ ಬಾಲದ ಫಿನ್‌ಗೆ ಚೆನ್ನಾಗಿ ಒಗ್ಗಿತು, ಈಗಲೂ ಅಲ್ಲಿ ಅದೇ ಇದೆ.

ನಿಜವಾದ ಮಾರುತ್‌ಗೆ ಅದರ ವಿನ್ಯಾಸಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಯವರೆಗೂ ದೊರೆಯದೆ, ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಅದು ಸೇವೆ ಮುಗಿಸಬೇಕಾಯಿತು. ನನ್ನ ಮಾರುತ್‌ಗೂ ಮೊದಲಿಗೆ ಬಂದದ್ದು ಅದೇ ಕಷ್ಟ. ಎರಡು 50 ಮಿ.ಮೀ. ಫ್ಯಾನ್‌ಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದರೆ ಮೂಲಕ್ಕೆ ಹತ್ತಿರವಾಗುತ್ತದೆ ಎಂದು ಆಸೆಯಾದರೂ, ಎರಡು ಇಎಸ್‌ಸಿಗಳ (ಮೋಟಾರಿನ ವೇಗ ನಿಯಂತ್ರಕಗಳ) ತೂಕ ಮತ್ತು ಬೆಲೆ ನೋಡಿ 4ಎಸ್ (ನಾಲ್ಕು ಸೆಲ್‌ಗಳ) ಬ್ಯಾಟರಿಯ ಒಂದೇ 64 ಮಿ.ಮೀ. ಫ್ಯಾನ್‌ಗೆ ಬಂದೆ. ಪೆಟ್ಟಿಗೆಯ ಮೇಲೆ 1,200 ಗ್ರಾಂ ಥ್ರಸ್ಟ್ (ತಳ್ಳುವ ಬಲ) ಎಂದು ಬರೆದಿತ್ತು. ಬರಿಯ ಫ್ಯಾನನ್ನು ತಕ್ಕಡಿಗೆ ಹಚ್ಚಿದಾಗ ಕಂಡದ್ದು 1,000 ಗ್ರಾಂ ಸುತ್ತಮುತ್ತ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ನಮ್ಮೂರ ಗಾಳಿ ಸುಮಾರು ಎಂಟು ಶೇಕಡಾ ತೆಳುವಾಗಿರುವುದನ್ನು ಕಳೆದರೂ ಲೆಕ್ಕ ಹೊಂದಲಿಲ್ಲ. ಅದನ್ನು ವಿಮಾನದೊಳಗೆ ಕೂರಿಸಿದ ಮೇಲೆ ಉಳಿದದ್ದು 640. ಪೂರ್ತಿ ಥ್ರಾಟಲ್ ಕೊಟ್ಟಾಗ ಫ್ಯಾನಿನ ದನಿ ಇದ್ದಕ್ಕಿದ್ದಂತೆ ಒಡೆಯುತ್ತಿತ್ತು, ಕಾರಣ ತಿಳಿಯಲು ಸುಮಾರು ಸಮಯ ಹಿಡಿಯಿತು. ಡ್ರಾಯಿಂಗ್ ಹಾಳೆಯಲ್ಲಿ ಮಾಡಿದ ಒಳಡಕ್ಟ್ (ಗಾಳಿ ಹಾಯುವ ಕೊಳವೆ) ಫ್ಯಾನಿನ ಎಳೆತಕ್ಕೆ ಒಳಮುಖವಾಗಿ ಕುಸಿದು ಗಾಳಿಯ ದಾರಿಯನ್ನೇ ಮುಚ್ಚುತ್ತಿತ್ತು, ಥ್ರಾಟಲ್ ಇಳಿಸಿದೊಡನೆ ಏನೂ ಆಗದಂತೆ ಮೊದಲಿನ ಆಕಾರಕ್ಕೆ ಮರಳುತ್ತಿತ್ತು.

ಹಾಳೆಯ ಡಕ್ಟನ್ನು ಕಿತ್ತು, ಥರ್ಮಾಕೋಲಿನ ವೈ ಆಕಾರದ ಅಚ್ಚಿನ ಮೇಲೆ ಬ್ರೌನ್ ಪೇಪರಿನ ಮೂರು ಪದರ ಸುತ್ತಿ, ಒಣಗಿದ ಬಳಿಕ ಅಚ್ಚನ್ನು ಪೆಟ್ರೋಲಿನಲ್ಲಿ ಕರಗಿಸಿ ತೆಗೆದೆ. (ಇದನ್ನು ಮನೆಯ ಹೊರಗೆ, ಬೆಂಕಿಯಿಂದ ದೂರ ಮಾಡಬೇಕೆಂದು ಹೇಳಬೇಕಾಗಿಲ್ಲ.) ಹಿಂದಿನ ಬಾಯಿಯನ್ನು ಫ್ಯಾನಿನ ಗಾಳಿ ಹಾಯುವ ವಿಸ್ತೀರ್ಣದ ಶೇಕಡಾ 88ಕ್ಕೆ, ಅಂದರೆ ಸುಮಾರು 22 ಚದರ ಸೆಂಟಿಮೀಟರಿಗೆ ಕಿರಿದು ಮಾಡಿ, ಎರಡು ಎಂಜಿನ್‌ಗಳಿರುವಂತೆ ಕಾಣಲು ನಡುವೆ ತೆಳುವಾದ ಒಂದು ಅಡ್ಡಪಟ್ಟಿಯನ್ನಷ್ಟೇ ಇಟ್ಟೆ. ಗಾಳಿಬಾಯಿಗಳೊಳಗಿನ ಅರ್ಧ ಶಂಕುಗಳನ್ನು ಅಳತೆಗಿಂತ ತುಸು ಸಣ್ಣದು ಮಾಡಿದ್ದೇನೆ, ಇದನ್ನು ಈವರೆಗೆ ಯಾರೂ ಗುರುತಿಸಿಲ್ಲ. ಇಷ್ಟರಿಂದ ಥ್ರಸ್ಟ್ 740ಕ್ಕೆ ಏರಿತು. ಹೊಟ್ಟೆಯಲ್ಲಿ ಚೀಟರ್ ಹೋಲ್ (ಫ್ಯಾನಿಗೆ ಹೆಚ್ಚುವರಿ ಗಾಳಿ ಬಿಡುವ ತೂತು) ಕೊರೆಯದೆ ಬೇರೆ ದಾರಿಯಿಲ್ಲ ಎಂದು ಎಲ್ಲರೂ ಹೇಳಿದರೂ ಕೊರೆಯಲಿಲ್ಲ, ಗಾಳಿಬಾಯಿಯ ತುಟಿಯನ್ನು ಬೇರೊಂದು ಬಗೆಯಲ್ಲಿ ದುಂಡಗೆ ಮಾಡಿ ಮತ್ತೆ ಎಂಬತ್ತು ಗ್ರಾಂ ಪಡೆದೆ. ಆ ತುಟಿಯ ಅಚ್ಚನ್ನು ಮಾತ್ರ ಸದ್ಯ ಯಾರಿಗೂ ಕೊಡುತ್ತಿಲ್ಲ.

ವೆಚ್ಚದ ವಿಷಯದಲ್ಲಿ ಮುಚ್ಚುಮರೆಯಿಲ್ಲ. ಫ್ಯಾನ್ ಮತ್ತು ಮೋಟಾರಿಗೆ ಮೂರೂವರೆ ಸಾವಿರ, 60 ಆಂಪಿಯರ್ ಇಎಸ್‌ಸಿಗೆ ಎರಡು ಸಾವಿರದ ಚಿಲ್ಲರೆ, 2,200 ಎಂಎಎಚ್ ಬ್ಯಾಟರಿಗೆ ಹತ್ತಿರಹತ್ತಿರ ಮೂರು ಸಾವಿರ, ನಾಲ್ಕು ಸರ್ವೋಗಳಿಗೆ (ನಿಯಂತ್ರಣ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳಿಗೆ) ಎಂಟುನೂರು. ಥರ್ಮಾಕೋಲ್, ಕಾಗದ, ಫೆವಿಕಾಲ್, ಎಸ್.ಪಿ. ರಸ್ತೆಯಲ್ಲಿ ಕೊಂಡ ನೈಕ್ರೋಮ್ ತಂತಿ ಎಲ್ಲ ಸೇರಿ ಐನೂರು ದಾಟಿಲ್ಲ, ಹಾಳಾದ ರೆಕ್ಕೆಗಳನ್ನೂ ಸೇರಿಸಿದರೆ ಒಂದು ಸಾವಿರ ಎನ್ನಿ. ಇದೇ ವಿಮಾನಕ್ಕೆ ಬೇಕಾಗುವಷ್ಟು ಡೆಪ್ರಾನ್‌ಗೆ ಸಾಗಣೆ ಸೇರಿ ನನಗೆ ಹೇಳಿದ್ದ ಬೆಲೆ ಮೂರು ಸಾವಿರದ ಮೇಲಿತ್ತು.

ಹಾರಿಸುವುದು ಹೊಸಕೋಟೆ ಆಚೆಯ ಬತ್ತಿದ ಕೆರೆ ಅಂಗಳದಲ್ಲಿ. ಎಚ್‌ಎಎಲ್, ಜಕ್ಕೂರು, ಯಲಹಂಕಗಳ ವಿಮಾನ ನೆಲೆಗಳ ನಡುವೆ ನಗರದೊಳಗೆ ಇದನ್ನು ಯೋಚಿಸುವುದೂ ಸಲ್ಲ. ಅಗಲವಾದ ಈ ಹೊಟ್ಟೆಯನ್ನು ಹಿಡಿದು ಕೈಯಿಂದ ಎಸೆಯಲು ಆಗುವುದಿಲ್ಲವಾದ್ದರಿಂದ ಆರು ಮೀಟರ್ ರಬ್ಬರ್ ಕೊಳವೆ ಮತ್ತು ಹದಿನೈದು ಮೀಟರ್ ನೈಲಾನ್ ಹಗ್ಗದ ಬಂಗೀಯನ್ನು ನಾಲ್ಕೈದು ಕಿಲೋ ಎಳೆತಕ್ಕೆ ಬಿಗಿದು ಬಿಡುತ್ತೇನೆ. ಹಗ್ಗ ಕಳಚುವವರೆಗೆ ಎಲಿವೇಟರನ್ನು (ಮೂಗನ್ನು ಏರಿಳಿಸುವ ಬಾಲದ ಪಟ್ಟಿಯನ್ನು) ಮುಟ್ಟಬಾರದು. ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಕೆಳಗಿಳಿದರೆ ರೆಕ್ಕೆ ಒಂದು ಬದಿಗೆ ವಾಲುತ್ತದೆ, ಆದ್ದರಿಂದ ಇಳಿಸುವಾಗಲೂ ಥ್ರಾಟಲನ್ನು ಪೂರ್ತಿ ತೆಗೆಯುವುದಿಲ್ಲ. ಮೂರೂವರೆ ನಿಮಿಷಕ್ಕೆ ಟೈಮರ್ ಇಟ್ಟುಕೊಂಡಿದ್ದೇನೆ.

ಮಳೆಗಾಲದ ಬಗ್ಗೆ ಎದ್ದಿದ್ದ ಅನುಮಾನ ಅರ್ಧದಷ್ಟು ಸರಿಯಾಗಿತ್ತು. ಬಣ್ಣವಿಲ್ಲದ ಮಾದರಿ ರೆಕ್ಕೆ ಜುಲೈ ತಿಂಗಳ ತೇವಕ್ಕೆ ಸಡಿಲವಾದದ್ದು ನಿಜ, ನೀರು ಆಧಾರಿತ ವಾರ್ನಿಷ್ ಎರಡು ಕೈ ಬಳಿದ ರೆಕ್ಕೆಗೆ ಏನೂ ಆಗಿಲ್ಲ. ತೈಲ ಆಧಾರಿತ ವಾರ್ನಿಷ್ ಬೇಡ. ಕಾಗದದ ಸಂದಿಯಲ್ಲಿ ಇಳಿದರೆ ಒಳಗಿನ ಥರ್ಮಾಕೋಲನ್ನು ತಿಂದುಬಿಡುತ್ತದೆ. ಕೆರೆಯ ಗಟ್ಟಿ ನೆಲಕ್ಕೆ ಉಜ್ಜಿ ಹೊಟ್ಟೆಯ ಕಾಗದ ಹರಿದಾಗಲೆಲ್ಲ ಅಲ್ಲಿಯೇ ಒಂದು ತುಂಡನ್ನು ಅಂಟಿಸಿ, ಒಣಗಿದ ಮೇಲೆ ಅಷ್ಟಕ್ಕೆ ಮಾತ್ರ ಬಣ್ಣ ಹಚ್ಚುತ್ತೇನೆ.