ಮಳೆಗಾಲದಲ್ಲೂ ನಿಂತ ಕ್ಯಾಲೆಂಡರ್ ಪೆಟ್ಟಿಗೆ: ನನ್ನ ಎಂ.ಎಡ್. ಸ್ಪೆಷಲ್ ಡಿಸರ್ಟೇಶನ್ ಅನುಭವ

ಬಹುವಿಧ ಅಂಗವೈಕಲ್ಯವಿರುವ ಮೂರು ಮಕ್ಕಳಿಗೆ ಅವರವರ ಮನೆಯಲ್ಲೇ ಕ್ಯಾಲೆಂಡರ್ ಪೆಟ್ಟಿಗೆ (ದಿನದ ಕೆಲಸಗಳನ್ನು ಒಂದೊಂದು ವಸ್ತುವಿನಿಂದ ಸಾಲಾಗಿ ತಿಳಿಸುವ ಪೆಟ್ಟಿಗೆ) ಕೊಟ್ಟು ನೋಡುವುದು ನನ್ನ ವಿಷಯ. ಸಿನಾಪ್ಸಿಸ್ (ಅಧ್ಯಯನದ ರೂಪರೇಷೆ) ಕೊಟ್ಟ ದಿನವೇ ಮೂರು ತಕರಾರು ಬಂದವು. ಮೂರು ಮಕ್ಕಳು ಸಾಲದು, ಕನಿಷ್ಠ 30 ಬೇಕು. ಮನೆಯಲ್ಲಿ ಮಾಡಿದರೆ ಲೆಕ್ಕಕ್ಕಿಲ್ಲ, ಸೆಂಟರಿಗೆ ಕರೆಸಿ ಮಾಡಿ. ಜೂನ್ ತಿಂಗಳಲ್ಲಿ ಕೊಡಗಿನಲ್ಲಿ ಫೀಲ್ಡ್ ವರ್ಕ್ ಹಿಡಿದರೆ ಅರ್ಧ ಡೇಟಾನೂ ಸಿಗುವುದಿಲ್ಲ. ಈಗ ವೈವಾ ಮುಗಿದಿದೆ. ಮೂರು ಮನೆಗಳಲ್ಲೂ ಪೆಟ್ಟಿಗೆ ಇವತ್ತಿಗೂ ಬಳಕೆಯಲ್ಲಿದೆ. ಬಿ.ಎಡ್. ಸ್ಪೆಷಲ್ (ವಿಶೇಷ ಶಿಕ್ಷಣ) ಮುಗಿಸಿ, ಸಿ.ಆರ್.ಆರ್. ನಂಬರ್ (ವಿಶೇಷ ಶಿಕ್ಷಕರ ನೋಂದಣಿ ಸಂಖ್ಯೆ) ಪಡೆದು, ಗೃಹಾಧಾರಿತ ಶಿಕ್ಷಣಕ್ಕೆಂದು ಮನೆಮನೆ ತಿರುಗುತ್ತಲೇ ಎಂ.ಎಡ್.ಗೆ ಸೇರಿದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಐ.ಇ.ಪಿ. (ಒಂದೊಂದು ಮಗುವಿಗೂ ಬೇರೆಯಾಗಿ ಹೆಣೆಯುವ ಶಿಕ್ಷಣ ಯೋಜನೆ), ವಸ್ತು ಸಂಕೇತ (ಒಂದು ಕೆಲಸವನ್ನು ಸೂಚಿಸಲು ಕೈಗೆ ಕೊಡುವ ವಸ್ತು) ಇವನ್ನೆಲ್ಲ ನೀವು ಬಲ್ಲಿರಿ, ಹೆಚ್ಚು ವಿವರಿಸುವುದಿಲ್ಲ.

ಮೊದಲು 30ರ ವಿಚಾರ. ನನ್ನ ಮೊದಲ ಮಗುವಿಗೆ ಕಿವಿ ಕೇಳಿಸದು, ಕಣ್ಣಿಗೆ ಬೆಳಕಷ್ಟೇ ಗೊತ್ತು. ಎರಡನೆಯ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಸಿ.ಪಿ., ಮೆದುಳಿನ ಹಾನಿಯಿಂದ ಚಲನೆಗೆ ತೊಂದರೆ), ಜೊತೆಗೆ ಸಿ.ವಿ.ಐ. (ಮೆದುಳಿನ ಕಾರಣದಿಂದ ಬರುವ ದೃಷ್ಟಿದೋಷ). ಮೂರನೆಯದಕ್ಕೆ ಬೌದ್ಧಿಕ ನ್ಯೂನತೆ, ಶ್ರವಣ ದೋಷ, ಮೂರ್ಛೆರೋಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಮೂವರೂ ‘ಬಹುವಿಧ ಅಂಗವೈಕಲ್ಯ’ ಎಂಬ ಒಂದೇ ಸಾಲಿನೊಳಗೆ ಬರುತ್ತಾರೆ. ಇಂಥ 30 ಮಕ್ಕಳ ಅಂಕ ಕೂಡಿಸಿ ಟಿ-ಟೆಸ್ಟ್ (ಸರಾಸರಿಗಳನ್ನು ಹೋಲಿಸುವ ಲೆಕ್ಕ) ಹಾಕಿದರೆ ಬರುವ ಸರಾಸರಿಯಿಂದ ಯಾವ ಮಗುವಿಗೂ ಪಾಠ ಹೆಣೆಯಲಾಗದು. ಹಾಗಾಗಿ ಮಕ್ಕಳ ನಡುವಿನ ಮಲ್ಟಿಪಲ್ ಬೇಸ್‌ಲೈನ್ ಹಿಡಿದೆ: ಪೆಟ್ಟಿಗೆ ಕೊಡುವ ಮುಂಚಿನ ಸ್ಥಿತಿಯನ್ನು (ಬೇಸ್‌ಲೈನ್) ಎಣಿಸಿ, ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತಿಗೆ ಪೆಟ್ಟಿಗೆ ಕೊಡುವ ವಿನ್ಯಾಸ. ಮೂವರಿಗೂ ಬೇಸ್‌ಲೈನ್ ಒಂದೇ ವಾರ ಶುರು. ಪೆಟ್ಟಿಗೆ ಕೊಟ್ಟಿದ್ದು ಮೊದಲನೆಯ ಮಗುವಿಗೆ 5 ಭೇಟಿಯ ನಂತರ, ಎರಡನೆಯದಕ್ಕೆ 9ರ ನಂತರ, ಮೂರನೆಯದಕ್ಕೆ 14ರ ನಂತರ. ಕೊಟ್ಟ ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದು ನೋಡುವ ಎ-ಬಿ-ಎ ವಿನ್ಯಾಸವನ್ನು ಗೈಡ್ ಸೂಚಿಸಿದ್ದರು. ಮಗು ಕಲಿತ ಮಾತನ್ನೇ ಕಿತ್ತುಕೊಂಡು ಪರೀಕ್ಷೆ ಮಾಡಿದಂತೆ ಆಗುತ್ತದೆಂದು ಅದನ್ನು ಒಪ್ಪಲಿಲ್ಲ.

ಎಂ.ಡಿ.ಪಿ.ಎಸ್. (ಮಗುವಿನ ದಿನನಿತ್ಯದ ಕೌಶಲ ಅಳೆಯುವ ಮದ್ರಾಸ್ ಪಟ್ಟಿ) ಹಾಕಿ ಮುನ್ನ-ನಂತರ ತೋರಿಸಿ ಎಂದವರೂ ಇದ್ದರು. 18 ಕ್ಷೇತ್ರ, ಕ್ಷೇತ್ರಕ್ಕೆ 20 ಅಂಶ, ಒಟ್ಟು 360. ನನ್ನ ಮಕ್ಕಳಿಗೆ ಅದರಲ್ಲಿ ಇಪ್ಪತ್ತೋ ಇಪ್ಪತ್ತೈದೋ ‘ಎ’ (ಮಾಡಬಲ್ಲದು) ಬರುತ್ತಿತ್ತು. ಆರು ತಿಂಗಳು ದುಡಿದರೆ ಎರಡೋ ಮೂರೋ ಅಂಶ ಏರುತ್ತದೆ. ಪಟ್ಟಿ ಕೆಟ್ಟದ್ದಲ್ಲ, ಆದರೆ ಅದರ ಮೆಟ್ಟಿಲು ಈ ಮಕ್ಕಳಿಗೆ ಎತ್ತರ. ಹಿನ್ನೆಲೆ ಮಾಹಿತಿಗೆ ಮಾತ್ರ ಇಟ್ಟುಕೊಂಡೆ. ಶ್ರವಣದ ವರದಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿಂದ ಮೊದಲೇ ತರಿಸಿದ್ದು ಒಳ್ಳೆಯದಾಯಿತು. ಮಳೆ ಹಿಡಿದ ಮೇಲೆ ಆ ಓಡಾಟ ಯಾವ ಮನೆಯವರಿಗೂ ಆಗುತ್ತಿರಲಿಲ್ಲ.

ಬೇಸ್‌ಲೈನ್‌ಗೂ ಮುಂಚೆ ಕೂರಿಸುವುದನ್ನು ಸರಿಮಾಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಪೆಟ್ಟಿಗೆಯನ್ನೂ ಕುರ್ಚಿಯನ್ನೂ ಒಂದೇ ದಿನ ಕೊಟ್ಟರೆ, ಮಗು ಕೈ ಚಾಚಿದ್ದು ಯಾವುದರಿಂದ ಎಂದು ಪರೀಕ್ಷಕರು ಕೇಳಿದಾಗ ಉತ್ತರವಿರುವುದಿಲ್ಲ. ಮೂವರಿಗೂ ಮೊದಲೇ ಕುರ್ಚಿ ಮಾಡಿಸಿ, ಹತ್ತು ದಿನ ಅಭ್ಯಾಸವಾಗಲು ಬಿಟ್ಟು, ಆಮೇಲೆ ಎಣಿಕೆ ಶುರು ಮಾಡಿದೆ. ‘ಅವರ ಮಗುವಿಗೆ ಪೆಟ್ಟಿಗೆ ಬಂತು, ನಮ್ಮದಕ್ಕೆ ಯಾವಾಗ’ ಎಂದು ಮೂರನೆಯ ಮನೆಯವರು ಕೇಳಿದಾಗಲೂ ಕುರ್ಚಿ ಆಗಲೇ ಅಲ್ಲಿದ್ದದ್ದು ಸಹಾಯವಾಯಿತು.

ಸಿ.ಪಿ. ಮಗುವಿನದು ಕಾರ್ನರ್ ಚೇರ್ (ಬೆನ್ನಿನ ಹಲಗೆಗಳು ಗೋಡೆಯ ಮೂಲೆಯಂತೆ ಕೂಡುವ ಕುರ್ಚಿ). ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್‌ನ ತುಂಡು ಹಲಗೆ ಸಾಮಿಲ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮರಗೆಲಸದವರ ಕೂಲಿ ಸೇರಿ 1,400 ರೂಪಾಯಿ ಆಯಿತೆಂದು ನೆನಪು. ಸೊಂಟದ ಪಟ್ಟಿಯನ್ನು ಹೊಟ್ಟೆಗೆ ಅಡ್ಡಲಾಗಿ ಕಟ್ಟಬೇಡಿ, ಮಗು ಮುಂದಕ್ಕೆ ಜಾರುತ್ತದೆ. ಸೀಟಿಗೆ 45 ಡಿಗ್ರಿ ಕೆಳಮುಖವಾಗಿ, ತೊಡೆಯ ಬುಡದ ಮೇಲೆ ಬರಬೇಕು. ಪಾದದ ಹಲಗೆಯನ್ನು ಮೊದಲ ಸಲ ಮೊಳೆ ಹೊಡೆದು ಕೂರಿಸಿದ್ದು ತಪ್ಪಾಯಿತು. ಪಾದ ತೇಲಾಡುತ್ತಿತ್ತು, ಕಾಲು ಬಿಗಿಯುತ್ತಿತ್ತು, ಕಾಲು ಬಿಗಿದಾಗ ಕೈಯೂ ಮುಷ್ಟಿ. ಆಮೇಲೆ ಒಂದೊಂದು ಇಂಚಿಗೆ ತೂತು ಕೊರೆಸಿ ಬೋಲ್ಟು, ಚಿಟ್ಟೆ ನಟ್ಟು ಹಾಕಿಸಿದೆ. ಕುಶನ್‌ನ ರೆಕ್ಸಿನ್ ಕವರ್ ಬಿಚ್ಚುವಂತಿರಲಿ. ಹೊಲಿದುಬಿಟ್ಟರೆ ಜುಲೈ ಹೊತ್ತಿಗೆ ಒಳಗಿನ ಫೋಮ್ ಬೂಷ್ಟು ಹಿಡಿದು ನಾರುತ್ತದೆ.

ಪೆಟ್ಟಿಗೆಗೆ ಮೂರು ಸಲ ದುಡ್ಡು ಸುರಿದಿದ್ದೇನೆ. ಮೊದಲನೆಯದು ರಟ್ಟಿನದು. ಜಿಂಬಾಬ್ವೆಯಲ್ಲಿ ಹುಟ್ಟಿದ ಕಾಗದ-ರಟ್ಟಿನ ವಿಧಾನವನ್ನು ತರಬೇತಿಯಲ್ಲಿ ನಾವೆಲ್ಲ ಕಲಿತಿರುತ್ತೇವೆ: ರಟ್ಟಿನ ಪದರ, ಮೈದಾ ಅಂಟು, ಹೊರಗೆ ಕಾಗದ. ಬಯಲುಸೀಮೆಯಲ್ಲಿ ಅದು ವರ್ಷಗಟ್ಟಲೆ ನಿಲ್ಲಬಹುದು. ಇಲ್ಲಿ ಮೂರು ವಾರದಲ್ಲಿ ಮೂಲೆಗಳು ಬಿಚ್ಚಿಕೊಂಡು ಕಪ್ಪು ಚುಕ್ಕೆ ಎದ್ದವು. ಅಂಟಿಗೆ ಮೈಲುತುತ್ತು ಬೆರೆಸಿ, ಬೂಷ್ಟು ಬರುವುದಿಲ್ಲ ಎಂದು ಒಬ್ಬರು ಹೇಳಿದರು. ಬೋರ್ಡೋ ದ್ರಾವಣ (ಮೈಲುತುತ್ತಿನಿಂದ ಮಾಡುವ ಶಿಲೀಂಧ್ರನಾಶಕ) ಹೊಡೆಯುವ ಊರಿನಲ್ಲಿ ಅದು ಎಲ್ಲರ ಮನೆಯಲ್ಲೂ ಇರುವ ವಸ್ತು. ಆದರೆ ಈ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತಾರೆ. ಮೈಲುತುತ್ತು ವಿಷ, ಯಾರು ಹೇಳಿದರೂ ಹಾಕಬೇಡಿ. ಎರಡನೆಯದು ಪ್ಲೈವುಡ್. ಅಂಚಿಗೆ ನೀರಿನ ಪಸೆ ತಗುಲಿ ಉಬ್ಬಿತು, ಸಿಬಿರು ಎದ್ದಿತು. ಅಲ್ಲಿಗೆ 900 ರೂಪಾಯಿ ಹೋಯಿತು.

ನಿಂತಿದ್ದು ಮೂರನೆಯದು. ಸುಮಾರು 36 ಇಂಚು ಉದ್ದ, 8 ಇಂಚು ಅಗಲದ ಸಿಲ್ವರ್ ಓಕ್ ಹಲಗೆಯ ಮೇಲೆ ಕುಶಾಲನಗರದ ಸಂತೆಯಲ್ಲಿ ಸಿಕ್ಕ ನಾಲ್ಕು ಪ್ಲಾಸ್ಟಿಕ್ ಬುಟ್ಟಿ, ಎಡದಿಂದ ಬಲಕ್ಕೆ. ಬಲತುದಿಯಲ್ಲಿ ಮುಚ್ಚಳವಿರುವ ‘ಮುಗಿಯಿತು’ ಡಬ್ಬ. ಬುಟ್ಟಿಗಳನ್ನು ಕೇಬಲ್ ಟೈನಿಂದ ಬಿಗಿದು, ಕತ್ತರಿಸಿದ ತುದಿ ಹಿಂಬದಿಗೆ ಬರುವಂತೆ ತಿರುಗಿಸಿ, ಬೆಂಕಿಕಡ್ಡಿ ತೋರಿಸಿ ಮೊಂಡು ಮಾಡಿದೆ. ಹಾಗೇ ಬಿಟ್ಟರೆ ಬೆರಳು ಗೀರುತ್ತದೆ. ಹಲಗೆಯಡಿ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದರೆ ಜಾರುವುದಿಲ್ಲ. ಸಿ.ವಿ.ಐ. ಮಗುವಿನ ಬುಟ್ಟಿಯೊಳಗೆ ಕಪ್ಪು ಬಟ್ಟೆ ಹಾಸಿ, ಒಂದು ಸಲಕ್ಕೆ ಒಂದೇ ವಸ್ತು ಇಟ್ಟೆ, ಆದಷ್ಟು ಹಳದಿ ಅಥವಾ ಕೆಂಪು. ಒಂದು ಪೆಟ್ಟಿಗೆಗೆ 450 ರೂಪಾಯಿ ದಾಟಲಿಲ್ಲ.

ಹಲಗೆ, ಬುಟ್ಟಿಗಿಂತ ಹೆಚ್ಚು ದಿನ ತಿಂದಿದ್ದು ಒಳಗಿಡುವ ವಸ್ತುಗಳು. ಅಂಗಡಿಯಲ್ಲಿ ಸಿಗುವ ಪುಟ್ಟ ಆಟಿಕೆಗಳಿಂದ ಶುರು ಮಾಡಿದ್ದೆ: ಬೆರಳುದ್ದದ ಬಕೆಟ್, ಪುಟ್ಟ ಉಯ್ಯಾಲೆ. ಅವು ಬಕೆಟ್‌ನಂತೆ ಕಾಣುವುದು ಕಣ್ಣಿರುವ ನಮಗೆ. ಕೈಯಲ್ಲಿ ಹಿಡಿದು ನೋಡಿ, ಬರೀ ಪ್ಲಾಸ್ಟಿಕ್ ತುಣುಕು. ವಸ್ತು ಆ ಕೆಲಸದೊಳಗಿಂದಲೇ ಬರಬೇಕು, ಮಗುವಿನ ಕೈ ಆಗಲೇ ಮುಟ್ಟಿದ ಭಾಗವೇ ಆಗಿರಬೇಕು. ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ಕಿವುಡು-ಕುರುಡು ಮಕ್ಕಳ ಜೊತೆ ಮಾಡಿದ ಕೆಲಸದಲ್ಲೂ ಇದೇ ಮಾತಿದೆ. ಓದಿದ್ದೆ, ಆದರೂ 600 ರೂಪಾಯಿ ಆಟಿಕೆಗೆ ಕೊಟ್ಟ ಮೇಲೇ ತಲೆಗೆ ಹೋಗಿದ್ದು. ಕೊನೆಗೆ ಕೈ ತೊಳೆಯುವುದಕ್ಕೆ ಮಗ್ಗಿನ ಮುರಿದ ಹಿಡಿ, ಉಯ್ಯಾಲೆಗೆ ಅದೇ ಹಗ್ಗದ ತುಂಡು, ತಿಂಡಿಗೆ ಚಮಚ, ಕಣಕ್ಕೆ ಹೋಗುವುದಕ್ಕೆ ಕಾಫಿ ಚೀಲದ ಗೋಣಿಯ ಅಂಗೈಯಗಲದ ತುಂಡು.

ಗೋಣಿ ತುಂಡು ಮೊದಲ ಮಗುವಿಗೆ ಎಷ್ಟು ಹಿಡಿಸಿತೆಂದರೆ, ಉಗುರಿನಿಂದ ಅದರ ಎಳೆಗಳನ್ನು ಎರಡು ಸಲ ಕೆರೆದು, ಮೂಗಿನ ಹತ್ತಿರ ತಂದು, ಆಮೇಲೆ ಮುಖವನ್ನು ಬಾಗಿಲ ಬೆಳಕಿನ ಕಡೆ ತಿರುಗಿಸುತ್ತಿತ್ತು. ಆ ತಿರುಗಿಸುವುದನ್ನೇ ಗುರಿ ವರ್ತನೆಯ (ಉತ್ತರವೆಂದು ಎಣಿಸುವ ವರ್ತನೆಯ) ಪಟ್ಟಿಗೆ ಸೇರಿಸಿದೆ.

ಜುಲೈಯಲ್ಲಿ ಅದೂ ಕೈಕೊಟ್ಟಿತು. ಗೋಣಿ, ಹಗ್ಗ ಎರಡೂ ತೇವ ಹಿಡಿದು ಬೂಷ್ಟು ಬಂತು. ಅಜ್ಜಿಯೊಬ್ಬರು ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದರು. ಒಣಗಿದವು, ಜೊತೆಗೆ ನಾಲ್ಕಕ್ಕೂ ಒಂದೇ ಹೊಗೆವಾಸನೆ. ಮೂಸಿ ಗುರುತಿಸುವ ಮಗು ಮೂರು ಭೇಟಿ ಪೂರ್ತಿ ಗಲಿಬಿಲಿಗೊಂಡಿತು, ಭೇಟಿಯ 8 ಅವಕಾಶಗಳಲ್ಲಿ 5 ಇದ್ದ ಅಂಕ 2ಕ್ಕೆ ಇಳಿಯಿತು. ಗ್ರಾಫಿನಲ್ಲಿ ಆ ಕುಸಿತ ಹಾಗೇ ಇದೆ, ಅಳಿಸಲಿಲ್ಲ. ಆಮೇಲೆ ಪ್ರತಿ ವಸ್ತುವಿಗೂ ಬೇರೆ ಬೇರೆ ಸ್ಟೀಲ್ ಡಬ್ಬಿ, ಒಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದ ಅಕ್ಕಿ. ವಾರಕ್ಕೊಮ್ಮೆ ಅಕ್ಕಿಯನ್ನು ಮತ್ತೆ ಹುರಿದು ಆರಿಸಿ ಕಟ್ಟಬೇಕು.

ಚಮಚದ ಕಥೆ ಬೇರೆ. ಮೂರನೆಯ ಮಗು ಚಮಚ ಕಂಡರೆ ತಲೆ ಹಿಂದಕ್ಕೆಳೆಯುತ್ತಿತ್ತು. ಎರಡು ವಾರ ಕಾರಣ ಸಿಗಲಿಲ್ಲ. ಮೂರ್ಛೆಯ ಸಿರಪ್ಪನ್ನೂ ಅದೇ ಚಮಚದಲ್ಲಿ ಕುಡಿಸುತ್ತಿದ್ದರು. ಔಷಧಿಯನ್ನು ಅಳತೆಯ ಸಿರಿಂಜಿಗೆ ಬದಲಿಸಿ, ತಿಂಡಿಯ ಚಮಚದ ಹಿಡಿಗೆ ಬಟ್ಟೆ ಸುತ್ತಿದ ಮೇಲೆ ನಾಲ್ಕೈದು ದಿನದಲ್ಲಿ ಸರಿಹೋಯಿತು. ವಸ್ತು ಆರಿಸುವ ಮೊದಲು ಮನೆಯಲ್ಲಿ ಅದಕ್ಕೆ ಇನ್ನೆಷ್ಟು ಕೆಲಸ ಇದೆಯೆಂದು ಒಂದು ಇಡೀ ದಿನ ಕೂತು ನೋಡಿ. ನಾಲ್ಕರಲ್ಲಿ ಮೊದಲು ಯಾವುದನ್ನು ಕೊಡಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದರ ಮೇಲೆ ಪೇಪರ್ ಬರೆಯುತ್ತಿರುವುದರಿಂದ ಸದ್ಯ ಹೇಳುವುದಿಲ್ಲ.

ಕೊಡುವ ಕ್ರಮ ಇಷ್ಟೇ. ಕೈ ಕೆಳಗೆ ಕೈ: ನಮ್ಮ ಕೈ ಅಡಿಗೆ, ಮಗುವಿನದು ಮೇಲೆ. ಮೇಲಿನಿಂದ ಹಿಡಿದೆಳೆದರೆ ಮಗು ಕೈ ಮುಚ್ಚಿಕೊಳ್ಳುತ್ತದೆ. ಇಬ್ಬರೂ ಸೇರಿ ಬುಟ್ಟಿಯಿಂದ ವಸ್ತು ತೆಗೆಯುವುದು, ಮನೆಮಾತಿನಲ್ಲಿ ಒಂದೇ ಪದ ಹೇಳುವುದು, ಕಾಯುವುದು, ವಸ್ತು ಹಿಡಿದೇ ಕೆಲಸದ ಜಾಗಕ್ಕೆ ಹೋಗುವುದು, ಮುಗಿದ ಮೇಲೆ ಡಬ್ಬಕ್ಕೆ ಹಾಕಿ ಮುಚ್ಚುವುದು. ಮನೆಮಾತು ಮುಖ್ಯ. ಒಂದು ಮನೆಯಲ್ಲಿ ಮಲಯಾಳಂ, ಇನ್ನೊಂದರಲ್ಲಿ ಯರವ ಭಾಷೆ. ಮೊದಲ ವಾರ ನಾನು ಕನ್ನಡದಲ್ಲಿ ಹೇಳಿ, ತಾಯಿ ಅವರ ಭಾಷೆಯಲ್ಲಿ ಹೇಳಿ, ಒಂದು ಕೆಲಸಕ್ಕೆ ಎರಡು ಹೆಸರಾಗಿತ್ತು. ಆಮೇಲೆ ಆ ನಾಲ್ಕು ಪದಗಳನ್ನು ನಾನೇ ಕಲಿತೆ.

ಕಾಯುವುದು 20 ಸೆಕೆಂಡ್. ಫೋನಿನ ಸ್ಟಾಪ್‌ವಾಚ್ ಇಟ್ಟು ಅಳೆದಾಗ ಟೀಚರ್‌ಗಳು ಸರಾಸರಿ 4 ಸೆಕೆಂಡ್‌ನಲ್ಲಿ ಕೈಹಾಕುತ್ತಿದ್ದೆವು, ತಾಯಂದಿರು ಅದಕ್ಕೂ ಬೇಗ. ‘ಕೊಟ್ಟುಬಿಟ್ರೆ ಆಯ್ತಲ್ಲ ಟೀಚರೇ, ಯಾಕೆ ಕಾಯಿಸೋದು’ ಎಂದು ಒಬ್ಬ ತಾಯಿ ನೊಂದುಕೊಂಡರು. ತೊಡೆಯ ಮೇಲೆ ಬೆರಳು ತಟ್ಟುತ್ತಾ ಮನಸ್ಸಿನಲ್ಲೇ 20 ಎಣಿಸಲು ಹೇಳಿಕೊಟ್ಟೆ. ಸಿ.ವಿ.ಐ. ಮಗುವಿನ ಉತ್ತರ ಬಂದಿದ್ದೆಲ್ಲ 14, 15ನೆಯ ಸೆಕೆಂಡಿನ ನಂತರ. 10ಕ್ಕೆ ನಿಲ್ಲಿಸಿದ್ದರೆ ಆ ಮಗುವಿನ ಸಾಲು ಪೂರ್ತಿ ಸೊನ್ನೆ. ಇನ್ನೊಂದು ಗಮನಿಸಿ: ಶೀಟ್ ಮಾಡಿನ ಮೇಲೆ ಮಳೆ ಜೋರಾಗಿ ಬಡಿಯುವಾಗ ಆ ಮಗು ನೋಡುವುದನ್ನೇ ನಿಲ್ಲಿಸುತ್ತದೆ. ಗದ್ದಲ ಹೆಚ್ಚಾದರೆ ಸಿ.ವಿ.ಐ.ನಲ್ಲಿ ನೋಟ ಹಿಂದೆ ಸರಿಯುತ್ತದೆ. ಅಂಥ ಹೊತ್ತಿನಲ್ಲಿ ಕಪ್ಪು ಬಟ್ಟೆ, ಹಳದಿ ವಸ್ತು ಬಿಟ್ಟು ಮುಟ್ಟುವುದರಿಂದಲೇ ನಡೆಸಿದೆವು.

ಎಣಿಕೆ ಹೀಗೆ: ಭೇಟಿಗೆ ನಾಲ್ಕು ಕೆಲಸ, ತಲಾ ಎರಡು ಸಲ, ಒಟ್ಟು 8 ಅವಕಾಶ. ಎರಡನೆಯ ವೀಕ್ಷಕರು ಬಿ.ಐ.ಇ.ಆರ್.ಟಿ. (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು) ಸಹೋದ್ಯೋಗಿ, ನಾಲ್ಕನೆಯ ಒಂದು ಭಾಗದಷ್ಟು ವಿಡಿಯೋ ನೋಡಿ ಅಂಕ ಹಾಕಿದರು. ಮೊದಲ ಸಲ ನಮ್ಮಿಬ್ಬರ ಅಂಕಗಳ ಹೊಂದಾಣಿಕೆ ಶೇಕಡಾ 60ರ ಸುಮಾರು. ‘ಕೈ ಚಾಚುವುದು’ ಎಂದಷ್ಟೇ ಬರೆದಿದ್ದೆ, ಬೆಚ್ಚಿಬಿದ್ದು ಕೈ ಎಗರಿದ್ದನ್ನೂ ಅವರು ಎಣಿಸಿದ್ದರು. ‘ವಸ್ತುವಿನ ಕಡೆಗೆ ಕೈ ಸರಿದು ಎರಡು ಸೆಕೆಂಡ್ ನಿಲ್ಲುವುದು’ ಎಂದು ತಿದ್ದಿದ ಮೇಲೆ 88, 90ಕ್ಕೆ ಬಂತು. ಮೂರ್ಛೆ ಬಂದ 24 ಗಂಟೆಯೊಳಗಿನ ಭೇಟಿಗೆ ಅಂಕ ಇಲ್ಲ ಎಂಬ ನಿಯಮವನ್ನು ಶುರುವಿನಲ್ಲೇ ಬರೆದಿಟ್ಟಿದ್ದೆ. ನಂತರ ಬರೆದರೆ ಬೇಡದ ಅಂಕ ಕಿತ್ತೆಸೆದಂತೆ ಕಾಣುತ್ತದೆ. ರಸ್ತೆ ಮುಚ್ಚಿ ಎಂಟೊಂಬತ್ತು ದಿನ ಹೋಗಲಾಗದ ಕಡೆ ಗೆರೆ ಕಡಿದು ಖಾಲಿ ಬಿಟ್ಟೆ, ಸೇರಿಸಲಿಲ್ಲ.

ಮೊದಲ ಮಗು ಬೇಸ್‌ಲೈನ್‌ನಲ್ಲಿ 0 ಅಥವಾ 1, ಪೆಟ್ಟಿಗೆ ಬಂದ ಆರನೆಯ ಭೇಟಿಗೆ 5. ಮೂರನೆಯದು 2ರಿಂದ 6ಕ್ಕೆ, ಅದೂ ನಾಲ್ಕೇ ಭೇಟಿಯಲ್ಲಿ. 14 ಭೇಟಿ ಅಲುಗಾಡದೆ ಇದ್ದ ಗೆರೆ ಪೆಟ್ಟಿಗೆ ಬಂದ ವಾರವೇ ಎದ್ದಿತು, ವೈವಾದಲ್ಲಿ ಗೆಲ್ಲಿಸಿದ್ದು ಅದೇ. ಎರಡನೆಯ ಮಗು ಹನ್ನೆರಡು ಭೇಟಿ ಏನೂ ತೋರಿಸದೆ ಆಮೇಲೆ 4ಕ್ಕೆ ಏರಿತು. ಅದರಲ್ಲಿ ಬೇಸ್‌ಲೈನ್‌ಗಿಂತ ಮೇಲೆ ಬಂದ ಅಂಕಗಳ ಪಾಲು ಶೇಕಡಾ 50ರ ಆಸುಪಾಸು, ಇದ್ದದ್ದನ್ನು ಇದ್ದಂತೆ ಬರೆದೆ. 30 ಮಕ್ಕಳು ಬೇಕೆಂದಿದ್ದವರೇ ಈಗ ಮುಂದಿನ ಬ್ಯಾಚ್‌ನವರಿಗೆ ನನ್ನ ಗ್ರಾಫ್ ತೋರಿಸುತ್ತಿದ್ದಾರೆ.

ಆ ಹನ್ನೆರಡು ಭೇಟಿಯ ನಡುವೆ ಬೇಸರ ಕಳೆಯಲು, ಮಗು ಒತ್ತಿ ರೇಡಿಯೋ ಹಚ್ಚುವಂಥ ಸ್ವಿಚ್ ಒಂದನ್ನು ಮಾಡಿದೆ. ಡಿಸರ್ಟೇಶನ್‌ಗೆ ಸಂಬಂಧವಿಲ್ಲ. ಎರಡು ಪ್ಲಾಸ್ಟಿಕ್ ಮುಚ್ಚಳ, ನಡುವೆ ತೂತು ಮಾಡಿದ ಫೋಮ್, ಒಳಮೈಗೆ ತಾಮ್ರದ ತಗಡು, 3.5 ಎಂ.ಎಂ. ಜ್ಯಾಕ್, ರೇಡಿಯೋದ ಸೆಲ್ಲು ಮತ್ತು ಸ್ಪ್ರಿಂಗ್ ನಡುವೆ ತೂರಿಸುವ ತೆಳು ಬಿಲ್ಲೆ. ಎರಡು ಸೆಲ್ಲಿನ 3 ವೋಲ್ಟ್ ಮಾತ್ರ, ಗೋಡೆಯ ಕರೆಂಟಿಗೆ ಎಂದೂ ಬೇಡ. ಅಲ್ಯುಮಿನಿಯಂ ಹಾಳೆ ಹಾಕಿದ್ದು ಹರಿಯಿತು, ಅದಕ್ಕೆ ಬೆಸುಗೆಯೂ ಹಿಡಿಯದು. ತಾಮ್ರ ಹಸಿರುಗಟ್ಟುತ್ತದೆ, ವಾರಕ್ಕೊಮ್ಮೆ ಮರಳುಕಾಗದದಲ್ಲಿ ಉಜ್ಜಬೇಕು. ಬೆರಳಿನ ಬದಲು ಮೊಣಕೈಯಿಂದ ಒತ್ತುವಂತೆ ಇಟ್ಟಾಗ ಮಗು ರೇಡಿಯೋ ನಿಂತರೆ ತಾನೇ ಮತ್ತೆ ಒತ್ತಿತು. ಪೆಟ್ಟಿಗೆಯ ಅಂಕ ಏರಿದ್ದು ಅದೇ ವಾರ. ಎರಡಕ್ಕೂ ನಂಟಿದೆಯೆಂದು ನನ್ನ ನಂಬಿಕೆ, ಆದರೆ ವಿನ್ಯಾಸದಲ್ಲಿ ಇಲ್ಲದ್ದರಿಂದ ಫಲಿತಾಂಶದಲ್ಲಿ ಹಾಕದೆ ಮಿತಿಗಳ ಅಧ್ಯಾಯದಲ್ಲಿ ಬರೆದೆ.

ಒಟ್ಟು ಖರ್ಚು ಸುಮಾರು 18,000. ಅದರಲ್ಲಿ 9,000 ಪೆಟ್ರೋಲು ಮತ್ತು ಜೀಪು ಬಾಡಿಗೆ, 4,000 ಕುರ್ಚಿಗಳು, 3,000 ಪೆಟ್ಟಿಗೆ ಮತ್ತು ಹಾಳಾದ ಸಾಮಾನು, ಉಳಿದದ್ದು ಪ್ರಿಂಟು, ಬೈಂಡಿಂಗ್. ಮನೆಗಳನ್ನು ಒಂದೇ ದಿಕ್ಕಿನಲ್ಲಿ ಆರಿಸಿಕೊಂಡಿದ್ದರೆ ಮೂರು ಸಾವಿರ ಉಳಿಯುತ್ತಿತ್ತು. ಸಿದ್ದಾಪುರದ ಕಡೆಯ ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಒಂದು, ಶನಿವಾರಸಂತೆ ಕಡೆ ಒಂದು, ಮಡಿಕೇರಿ ಹತ್ತಿರ ಒಂದು ಎಂದು ಹಂಚಿಕೊಂಡಿದ್ದೇ ದುಬಾರಿಯಾಯಿತು.

ಮೊದಲ ಮಗುವಿನ ಪೆಟ್ಟಿಗೆಗೆ ಈಗ ಐದನೆಯ ಬುಟ್ಟಿ ಬಂದಿದೆ. ಗೋಣಿ ತುಂಡು ಮೂರು ಸಲ ಸವೆಯಿತು. ಬದಲಿಸುವಾಗ ಹಳೆಯದನ್ನೂ ಹೊಸದನ್ನೂ ಒಂದು ವಾರ ಜೊತೆಗೆ ಹೊಲಿದಿಟ್ಟು, ಆಮೇಲೆ ಹಳೆಯದನ್ನು ಬಿಡಿಸಿ ತೆಗೆಯುತ್ತೇವೆ.