ಅವ್ವನ ಎರಡನೇ ಡೋಸ್‌ವರೆಗೆ ರಜೆಯ ಲೆಕ್ಕ ಹಾಕಿದ್ದು ಹೀಗೆ

2021ರಲ್ಲಿ, ಕೊರೊನಾ ಎರಡನೇ ಅಲೆ ಇಳಿದ ಮೇಲೆ, ಕರ್ನಾಟಕದಲ್ಲಿ ಶಾಲೆಗಳು ಹಂತಹಂತವಾಗಿ ತೆರೆದವು. ಆಗಸ್ಟ್ 23ಕ್ಕೆ 9ರಿಂದ 12ನೇ ತರಗತಿ, ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನನಗೆ ಮುಖ್ಯವಾದ ತಾರೀಖು ಸೆಪ್ಟೆಂಬರ್ 6. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅವ್ವ. ಫರ್ಸಿ ಕಲ್ಲು ಹಾಸಿದ ಒಂದೇ ಪಡಸಾಲೆ, ಪ್ರತ್ಯೇಕ ಕೋಣೆ ಇಲ್ಲ. ಶಾಲೆಯಿಂದ ಸೋಂಕು ತಂದರೆ ದೂರ ಇರಲು ಜಾಗವೇ ಇಲ್ಲ.

ಮೊದಲು ಲಸಿಕೆಯ ತಾರೀಖು ಬರೆದುಕೊಂಡೆ. ಅವ್ವನಿಗೆ ಕೋವಿಶೀಲ್ಡ್ ಮೊದಲ ಡೋಸ್ ಜುಲೈ 3ಕ್ಕೆ. ಆಗಿನ ಅಂತರ 84 ದಿನ, ಅಂದರೆ ಎರಡನೆಯದು ಸೆಪ್ಟೆಂಬರ್ 25. ಅದರ ಪೂರ್ತಿ ಬಲ ಬರಲು ಇನ್ನೂ 14 ದಿನ, ಅಕ್ಟೋಬರ್ 9. ಶಾಲೆ ತೆರೆದ ದಿನದಿಂದ ಅಲ್ಲಿಗೆ ಐದು ವಾರ. ಅಷ್ಟೂ ದಿನ ರಜೆ ಹಾಕಿದರೆ ಹೇಗೆ ಎಂದು ಕೇಳುವ ಮೊದಲು ಕೈಯಲ್ಲಿ ಎಷ್ಟಿದೆ ಅಂತ ನೋಡಬೇಕು.

ಬೇಸಿಗೆ, ದಸರಾ ರಜೆ ಇರುವ ಇಲಾಖೆ ಎಂಬ ಕಾರಣಕ್ಕೆ ಶಿಕ್ಷಕರಿಗೆ ಗಳಿಕೆ ರಜೆ, ಅಂದರೆ ಸೇವೆಯಿಂದ ಗಳಿಸಿದ ಪೂರ್ತಿ ಸಂಬಳದ ರಜೆ, ವರ್ಷಕ್ಕೆ 10 ದಿನ ಮಾತ್ರ. ಬೇರೆ ಇಲಾಖೆಯವರಿಗೆ 30. ಅರ್ಧ ವೇತನ ರಜೆ ವರ್ಷಕ್ಕೆ 20. ನನ್ನ ಸೇವಾ ವಹಿಯಲ್ಲಿ (ಸರ್ವಿಸ್ ರಿಜಿಸ್ಟರ್) ಗಳಿಕೆ ರಜೆ 40, ಅರ್ಧ ವೇತನ ರಜೆ 80 ಇತ್ತು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಅರ್ಧ ವೇತನ ರಜೆಯನ್ನು ಪೂರ್ಣ ವೇತನಕ್ಕೆ ಪರಿವರ್ತಿಸಿದರೆ ಎರಡು ಪಟ್ಟು ಕಳೆಯುತ್ತಾರೆ. 14 ದಿನಕ್ಕೆ 28. ಅದಕ್ಕೆ ನೌಕರನದೇ ವೈದ್ಯಕೀಯ ಪ್ರಮಾಣಪತ್ರ ಬೇಕು. ಅವ್ವನ ಆಸ್ಪತ್ರೆ ಚೀಟಿ ಲಗತ್ತಿಸಿ ಪರಿವರ್ತಿತ ರಜೆ ಕೇಳಿದರೆ ಅರ್ಜಿ ವಾಪಸ್ ಬರುತ್ತದೆ. ಖಾಸಗಿ ಕಾರಣಕ್ಕೆ ಅರ್ಧ ವೇತನ ರಜೆ ಹಾಕಬಹುದು, ಆದರೆ ಸಂಬಳ ಅರ್ಧವಾದರೂ ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಕಂತು, ಸಾಲದ ಕಂತು ಪೂರ್ತಿ ಕಡಿತವಾಗುತ್ತವೆ. ಕೈಗೆ ಬರುವುದು ಅರ್ಧಕ್ಕಿಂತ ಬಹಳ ಕಡಿಮೆ. ಆ ವರ್ಷದ ಬಜೆಟ್‌ನಲ್ಲಿ ಬಂದ ಶಿಶುಪಾಲನಾ ರಜೆ ಆಗ ಇದ್ದದ್ದು ಮಹಿಳಾ ನೌಕರರ ಮಕ್ಕಳಿಗಾಗಿ, ವಯಸ್ಸಾದ ತಂದೆತಾಯಿಯ ಆರೈಕೆಗೆ ಅದು ಸಿಗದು. ಅಂದ ಮೇಲೆ ಪೂರ್ತಿ ಸಂಬಳದಲ್ಲಿ ಅವ್ವನಿಗಾಗಿ ನನಗೆ ಉಳಿದದ್ದು ಗಳಿಕೆ ರಜೆ ಒಂದೇ. ಅತಿಥಿ ಶಿಕ್ಷಕರಿಗೆ ಅದೂ ಇಲ್ಲ. ಬಾರದ ದಿನದ ಗೌರವಧನ ಹೋಯಿತೆಂದೇ ಲೆಕ್ಕ. ಅದು ನನಗೆ ಇವತ್ತಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಐದು ವಾರವನ್ನು ಎರಡು ಭಾಗ ಮಾಡಿದೆ. ಮೊದಲ ಎರಡು ವಾರ ಕೆಲಸ, ಆಮೇಲೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 8ರವರೆಗೆ 19 ದಿನ ಗಳಿಕೆ ರಜೆ. ಮೊದಲ ವಾರಗಳಲ್ಲಿ ಪೋಷಕರ ಒಪ್ಪಿಗೆ ಪತ್ರ ತಂದ ಮಕ್ಕಳು ಕಡಿಮೆ, ಕೋಣೆ ಖಾಲಿ ಇರುತ್ತದೆ. ಮಕ್ಕಳು ತುಂಬುವ ಹೊತ್ತಿಗೆ ನಾನು ಮನೆಯಲ್ಲಿ. ಮಕ್ಕಳ ತಂಡ ಮಾಡುವುದು, ಪಾಠ ಹಂಚುವುದು ಅಷ್ಟರಲ್ಲಿ ಮುಗಿದಿರುತ್ತದೆ, ಹಾಗಾಗಿ ಉಳಿದ ಸಹೋದ್ಯೋಗಿಗೂ ಭಾರ ಕಡಿಮೆ. ಗಳಿಕೆ ರಜೆಯ ಮಧ್ಯದ ಭಾನುವಾರಗಳೂ ಗಾಂಧಿ ಜಯಂತಿಯೂ ರಜೆಯಲ್ಲೇ ಎಣಿಕೆಯಾಗುತ್ತವೆ. ಹಿಂದಿನ ಭಾನುವಾರ, 19ನೇ ತಾರೀಖು, ಮುಂಗೂಡಿಸಲು (ರಜೆಯ ಲೆಕ್ಕಕ್ಕೆ ಬಾರದಂತೆ ಮುಂದೆ ಸೇರಿಸಿಕೊಳ್ಳಲು) ಅನುಮತಿ ಎಂದು ಅರ್ಜಿಯಲ್ಲೇ ಬರೆದೆ. ಸಿಎಲ್ (ಸಾಂದರ್ಭಿಕ ರಜೆ) ಅನ್ನು ಗಳಿಕೆ ರಜೆಗೆ ಜೋಡಿಸುವಂತಿಲ್ಲ. ದಸರಾ ರಜೆಗೆ ಅಂಟಿಸಿದರೆ ಅನುಮತಿಯ ಗೋಜು ಹೆಚ್ಚು, ಹಾಗಾಗಿ 9ರ ಶನಿವಾರ ಹಾಜರಾಗುವಂತೆ ನಿಲ್ಲಿಸಿದೆ. ಅರ್ಧ ವೇತನದ 80ನ್ನು ಮುಟ್ಟಲಿಲ್ಲ. ನನಗೇ ಸೋಂಕು ಬಂದರೆ ಬೇಕಾಗುವುದು ಅದೇ.

ಕೆಲಸದ ಎರಡು ವಾರದಲ್ಲಿ ಅಪಾಯ ಹೆಚ್ಚಿದ್ದದ್ದು ತರಗತಿಗಿಂತ ಟಂಟಂ ಆಟೊದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿ ಕೂತ ಪ್ರಯಾಣಿಕರ ನಡುವೆ. ಬೈಕ್‌ನಲ್ಲಿ ಒಬ್ಬನೇ ಹೋದೆ. ತರಗತಿಯಲ್ಲಿ ಎದುರುಬದುರು ಕಿಟಕಿ ಎರಡೂ ತೆರೆದಿರಬೇಕು. ಒಂದೇ ಕಡೆ ತೆರೆದರೆ ಗಾಳಿ ಹರಿಯುವುದಿಲ್ಲ. ಸೆಪ್ಟೆಂಬರ್ ಮಳೆ ಬಂದ ಕೂಡಲೇ ಕಿಟಕಿ ಮುಚ್ಚುವುದು ಅಭ್ಯಾಸ. ಆಗ ಮಕ್ಕಳನ್ನು ವರಾಂಡಕ್ಕೆ ಕರೆಯಬೇಕು. ಪಾಠ ಹೇಳುವಾಗ ಮಾಸ್ಕ್ ಕೆಳಗಿಳಿಸುವುದು ಶಿಕ್ಷಕರ ದೊಡ್ಡ ತಪ್ಪು, ಏಕೆಂದರೆ ಜೋರು ದನಿಯಲ್ಲೇ ಹನಿಗಳು ಹೆಚ್ಚು ಹಾರುತ್ತವೆ. ಐದು ಎನ್-95 ಇಟ್ಟುಕೊಂಡು, ಬಳಸಿದ್ದನ್ನು ಕಾಗದದ ಚೀಲದಲ್ಲಿ ನಾಲ್ಕು ದಿನ ಬಿಟ್ಟು ಮತ್ತೆ ತೆಗೆಯುತ್ತಿದ್ದೆ. ಶೌಚಾಲಯಕ್ಕೆ ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್, ದಿನಾ ಬೆಳಗ್ಗೆ ಹೊಸದಾಗಿ. ಬಾಯಿ ತೆರೆದಿಟ್ಟ ಚೀಲದ ಪುಡಿ ನಮ್ಮ ಸೆಕೆಗೆ ಬೇಗ ಬಲ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಬಡಿಯದಿದ್ದರೆ ಅದು ಕೆಲಸಕ್ಕೆ ಬಾರದು.

ಅಕ್ಟೋಬರ್ 9ರಂದು ಹಾಜರಾದ ವರದಿ ಎರಡು ಪ್ರತಿ ಬರೆದು, ಒಂದಕ್ಕೆ ಮುಖ್ಯಗುರುಗಳ ಸಹಿ ಪಡೆದು ಇಟ್ಟುಕೊಂಡೆ. ರಜೆ ಮಂಜೂರಾತಿ ಆದೇಶ ಬಂದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಸೇವಾ ವಹಿಯ ರಜೆ ಪುಟದಲ್ಲಿ 40ರಲ್ಲಿ 19 ಕಳೆದು 21 ಎಂದು ಬರೆದಿದ್ದನ್ನು ನೋಡಿ ಬಂದೆ.