ಪಿಕಪ್‌ನ ಬ್ರೇಕ್ ಪೈಪ್ ಸೋರುತ್ತಿತ್ತು: ಸರಿ ಮಾಡಿದ್ದು ಹೀಗೆ

ಪೆಡಲ್ ಮೆತ್ತಗಾಗಿ ಕೆಳಗಿನವರೆಗೂ ಹೋಗುತ್ತಿತ್ತು. ಬಾನೆಟ್ ಎತ್ತಿದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿದಿತ್ತು. ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಸೋರುವ ಜಾಗ ಹುಡುಕುವುದೇ ದೊಡ್ಡ ಕೆಲಸ. ಆಯಿಲ್ ಪೈಪ್ ಉದ್ದಕ್ಕೂ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಹಾಗಾಗಿ ಇಡೀ ಪೈಪ್ ಒರೆಸಿ, ಒಬ್ಬರಿಗೆ ಪೆಡಲ್ ಒತ್ತಲು ಹೇಳಿ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ಚಕ್ರಕ್ಕೆ ಹೋಗುವ ಪೈಪ್ ಚಾಸಿಯ ಕ್ಲಿಪ್ ಒಳಗೆ ತುಕ್ಕು ತಿಂದಿತ್ತು. ಅಲ್ಲಿ ಮಣ್ಣು, ನೀರು ನಿಲ್ಲುತ್ತದೆ ಅಲ್ವಾ!

ಟೇಪ್, ಅಂಟು ಇಲ್ಲಿ ನಡೆಯುವುದಿಲ್ಲ. ಒಳಗಿನ ಒತ್ತಡ ಅಷ್ಟು ಜಾಸ್ತಿ. ತುಂಡು ಸೇರಿಸುವ ಬದಲು ಒಂದು ಜಾಯಿಂಟ್‌ನಿಂದ ಇನ್ನೊಂದರವರೆಗೆ ಪೂರ್ತಿ ಹೊಸದು ಹಾಕಿದೆ. ಹಳೆಯದರ ಅಳತೆಯದೇ, 4.75 ಮಿಮೀ ತಾಮ್ರ-ನಿಕಲ್ ಪೈಪ್. ಸುಲಭವಾಗಿ ಬಗ್ಗುತ್ತದೆ, ತುಕ್ಕಿನ ಕಾಟ ಇಲ್ಲ. ಬರೀ ತಾಮ್ರದ್ದು ಮಾತ್ರ ಬೇಡ, ಅದು ಅದುರಿ ಅದುರಿ ಬಿರುಕು ಬಿಡುತ್ತದೆ. ನಟ್ ಬಿಚ್ಚಲು ಫ್ಲೇರ್ ನಟ್ ಸ್ಪ್ಯಾನರ್ (ಪೈಪ್ ತೂರುವಷ್ಟೇ ಸಂದು ಬಿಟ್ಟು ನಟ್ಟನ್ನು ಸುತ್ತಲೂ ಹಿಡಿಯುವ ಸ್ಪ್ಯಾನರ್) ಬೇಕೇ ಬೇಕು. ಸಾದಾ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ಸುಮ್ನೆ ತಿರುಗುತ್ತದೆ. ಮೊದಲು ಪೈಪಿಗೆ ನಟ್ ತೂರಿಸಿ, ಆಮೇಲೆ ತುದಿಗೆ ಹಳೆಯದರ ಹಾಗೇ ಡಬಲ್ ಫ್ಲೇರ್ ಹೊಡೆದೆ, ಅಂದರೆ ತುದಿಯನ್ನು ಅಗಲಿಸಿ ಒಳಕ್ಕೆ ಎರಡು ಪದರವಾಗಿ ಮಡಿಸಿದೆ.

ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ದರ್ಜೆಯ, ಡಾಟ್ 4 ಬ್ರೇಕ್ ಆಯಿಲ್ಲನ್ನೇ ತುಂಬಿದೆ. ಕೈಪಿಡಿಯಲ್ಲಿ ಹೇಳಿದಂತೆ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಚಕ್ರದಿಂದ ಶುರು ಮಾಡಿ ಪೈಪಿನೊಳಗಿನ ಗಾಳಿ ತೆಗೆದೆ. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ.

ಕೊನೆಗೆ ಇಂಜಿನ್ ಆನ್ ಇಟ್ಟು ಪೆಡಲ್ ಜೋರಾಗಿ ಒತ್ತಿಸಿ ನೋಡಿದೆ. ಪೆಡಲ್ ಗಟ್ಟಿ, ಎರಡೂ ಜಾಯಿಂಟ್ ಒಣ.